ಬಣ್ಣ ಭೇಷ್, ಅರ್ಥಿಂಗ್ ಎಲ್ಲಿ?

ವಿದ್ಯಾನಗರದ ಕಡೆ ಹೋಗುವ ಬಸ್ಸಿನಲ್ಲಿ ಹಳೇ ಧೋತರ ಸುತ್ತಿದ ಚೌಕ ಗಂಟೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರ ಕೈಯೂ ತಾಗದಂತೆ ಕಾಯುತ್ತ ಕುಳಿತ ಹುಡುಗನನ್ನು ಕಂಡರೆ ಒಳಗೆ ಧಾರವಾಡ ಫೇಡೆ ಇದೆಯೆಂದು ತಿಳಿಯಬೇಡಿ. ಅದು ತಗಡಿನ ಡಬ್ಬಿ. ಮನೆಯಲ್ಲೇ ಜೋಡಿಸಿದ ಆಂಪ್ಲಿಫೈಯರಿನ ಹೊರಕವಚ. ಪೌಡರ್ ಕೋಟಿಂಗ್ ಮುಗಿಸಿಕೊಂಡು ಮನೆಗೆ ಹೊರಟಿದೆ. ಪೇಟೆಯಲ್ಲಿ ಸಿಗುವ ಕಂಪನಿ ಮಾಲಿನಂತೆ ಕಾಣಬೇಕು, ಅಷ್ಟೇ ಅವನ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಆ ಬಣ್ಣದ ಕೆಳಗೆ ಒಂದು ಮಾತು ಮುಚ್ಚಿಹೋಗಿರುತ್ತದೆ. ಬಣ್ಣ ಹೊಡೆಯುವವನು ಅದನ್ನು ಹೇಳುವುದಿಲ್ಲ, ಹೊಡೆಸುವವನು ಕೇಳುವುದಿಲ್ಲ. ಕರೆಂಟು ಮಾತ್ರ ಮರೆಯುವುದಿಲ್ಲ.

ವಿದ್ಯಾನಗರ ಕಾರಖಾನೆಗಳ ಜಾಗವಲ್ಲ. ಕಾಲೇಜು, ಹಾಸ್ಟೆಲ್ಲು, ಆಸ್ಪತ್ರೆ, ನಿವೃತ್ತರ ಮನೆಗಳು, ಸಂಜೆಯಾದರೆ ಗಿರಮಿಟ್ಟು-ಮಿರ್ಚಿಯ ಗಾಡಿಗಳು. 1947ರಲ್ಲಿ ಶುರುವಾದ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾದರೂ ಜನರ ಬಾಯಲ್ಲಿ ಅದು ಇನ್ನೂ ಬಿ.ವಿ.ಬಿ.ಯೇ. ಇಂಥ ಕಡೆ ಬೆಸುಗೆ ಹಾಕುವ ಕೈಗಳಿಗೆ ಬರವಿಲ್ಲ. ಸರ್ಕ್ಯೂಟು ಖೋಲಿಯ ಮೇಜಿನ ಮೇಲೆ ತಯಾರಾಗುತ್ತದೆ. ತಗಡು ಬಾಗಿಸಿ ಬಣ್ಣ ಹೊಡೆಸಬೇಕಾದರೆ ಮಾತ್ರ ಗೋಕುಲ ರಸ್ತೆಗೋ ತಾರಿಹಾಳಕ್ಕೋ ಹೋಗಲೇಬೇಕು. ಶೆಡ್ಡುಗಳಿರುವುದು ಆ ಕೈಗಾರಿಕಾ ಪ್ರದೇಶಗಳಲ್ಲಿ.

ಕಟ್ಟಿಗೆ ಪೆಟ್ಟಿಗೆಯ ಕಾಲ

ಹಿಂದೆ ಈ ತಾಪತ್ರಯ ಇರಲಿಲ್ಲ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಪ್ರಸಾರ ಆರಂಭಿಸಿದ ಕಾಲಕ್ಕೆ ಮನೆಗಳಲ್ಲಿದ್ದವು ವಾಲ್ವ್ ರೇಡಿಯೋಗಳು. ಅವುಗಳ ಪೆಟ್ಟಿಗೆ ಕಟ್ಟಿಗೆಯದು, ಇಲ್ಲವೇ ಬೇಕಲೈಟಿನದು. ಅದು ಬರೇ ಶೋಭೆಗಲ್ಲ. ಎ.ಸಿ., ಡಿ.ಸಿ. ಎರಡಕ್ಕೂ ನಡೆಯುತ್ತಿದ್ದ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತಿರಲಿಲ್ಲ. ಮೇನ್ಸಿನ ಒಂದು ತಂತಿ ನೇರವಾಗಿ ಒಳಗಿನ ಲೋಹದ ಚಾಸಿಗೆ ಸೇರುತ್ತಿತ್ತು. ಪ್ಲಗ್ಗನ್ನು ತಿರುವುಮುರುವು ಹಾಕಿದರೆ ಚಾಸಿಯಲ್ಲೇ ಕರೆಂಟು. ಕಟ್ಟಿಗೆಯ ಪೆಟ್ಟಿಗೆಯೇ ಆಗ ಮನುಷ್ಯನಿಗೂ ಕರೆಂಟಿಗೂ ನಡುವಿನ ಗೋಡೆ. ಗುಂಡಿ ಕಳಚಿ ಬಿದ್ದ ರೇಡಿಯೋದ ಸರಳನ್ನು ಬರಿಗೈಯಿಂದ ತಿರುವಲು ಹೋಗಿ ‘ಝುಂ’ ಎನ್ನಿಸಿಕೊಂಡ ಅಜ್ಜಂದಿರಿಗೆ ಇದರ ವಿವರ ಬೇಕಿಲ್ಲ.

ಟ್ರಾನ್ಸಿಸ್ಟರ್ ಬಂತು, ಆಂಪ್ಲಿಫೈಯರು ಬಂತು, ಅವುಗಳ ಜೊತೆ ತಗಡಿನ ಡಬ್ಬಿಯೂ ಬಂತು. ತಗಡು ಗಟ್ಟಿ, ಶಾಖವನ್ನು ಹೊರಗೆ ದಾಟಿಸುತ್ತದೆ, ಹೊರಗಿನ ವಿದ್ಯುತ್ ಗದ್ದಲ ಒಳಗಿನ ಸೂಕ್ಷ್ಮ ಸಿಗ್ನಲಿಗೆ ತಾಗದಂತೆ ತಡೆಯುತ್ತದೆ. ಆದರೆ ತಗಡಿನೊಳಗೆ ಕರೆಂಟು ಹರಿಯುತ್ತದೆ. ಹಾಗಾಗಿ ಅದನ್ನು ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನಿಗೆ, ಅಂದರೆ ಭೂಮಿಗೆ, ಕಟ್ಟಿಹಾಕುವುದು ಕಡ್ಡಾಯವಾಯಿತು.

ಆಗಿನ ಡಬ್ಬಿಗಳಿಗೆ ಡ್ಯೂಕೋ ಸ್ಪ್ರೇ, ಇಲ್ಲವೇ ಸುತ್ತಿಗೆಯಿಂದ ಬಡಿದಂತೆ ಕಾಣುವ ಹ್ಯಾಮರ್‌ಟೋನ್ ಬಣ್ಣ. ಥಿನ್ನರಿನ ವಾಸನೆ ಓಣಿ ತುಂಬ. ಆ ಬಣ್ಣ ತೆಳುವು, ಸ್ಕ್ರೂ ಬಿಗಿಯುವಾಗಲೇ ಕೆತ್ತಿಕೊಂಡು ಹೋಗುತ್ತಿತ್ತು. ನೋಡಲು ಅದೊಂದು ಐಬು. ಆದರೆ ಅದೇ ಐಬಿನಿಂದ ತಗಡಿಗೆ ತಗಡು ತಾಗಿ ಅರ್ಥಿಂಗ್ ಹೇಗೋ ನಡೆದುಹೋಗುತ್ತಿತ್ತು. ಪೌಡರ್ ಕೋಟಿಂಗ್ ಅಷ್ಟು ಸಡಿಲ ಆಸಾಮಿಯಲ್ಲ.

ಪುಡಿ, ಗನ್ನು, ಭಟ್ಟಿ

ಪುಡಿಯಿಂದ ಲೋಹಕ್ಕೆ ಬಣ್ಣ ಹಿಡಿಸುವ ಈ ವಿದ್ಯೆ 1950ರ ದಶಕದ್ದು. ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬಾತ ಗಾಳಿಯ ಒತ್ತಡದಲ್ಲಿ ನೀರಿನಂತೆ ಕುದಿಯುವ ಪ್ಲಾಸ್ಟಿಕ್ ಪುಡಿಯೊಳಗೆ ಬಿಸಿ ಲೋಹವನ್ನು ಅದ್ದಿ ತೆಗೆಯುವ ಉಪಾಯ ಕಂಡುಹಿಡಿದ. 1960ರ ದಶಕದಲ್ಲಿ ಪುಡಿಗೆ ವಿದ್ಯುದಾವೇಶ ಕೊಟ್ಟು ಗನ್ನಿನಿಂದ ಎರಚುವ ಪದ್ಧತಿ ಬಂತು. ಇಂದು ಶೆಡ್ಡುಗಳಲ್ಲಿ ನಡೆಯುವುದು ಇದೇ.

ನೋಡಲು ಇದು ಹಿಟ್ಟು ಚೆಲ್ಲಿದಂತೆ ಕಾಣುವ ಕೆಲಸ. ಆದರೆ ಮುಕ್ಕಾಲು ಪಾಲು ಕೆಲಸ ಗನ್ನು ಹಿಡಿಯುವ ಮೊದಲೇ ಮುಗಿದಿರಬೇಕು. ಕಬ್ಬಿಣದ ತಗಡಿಗೆ ಎಣ್ಣೆ ತೆಗೆಯುವ ತೊಟ್ಟಿ, ತುಕ್ಕು ತೆಗೆಯುವ ಆಮ್ಲದ ತೊಟ್ಟಿ, ಫಾಸ್ಫೇಟ್ ಪದರ ಕೂಡಿಸುವ ತೊಟ್ಟಿ, ನಡುನಡುವೆ ನೀರಿನ ತೊಟ್ಟಿಗಳು. ಎಲ್ಲ ಸೇರಿ ಏಳು, ಅದಕ್ಕೇ ಏಳು ತೊಟ್ಟಿ ಪದ್ಧತಿ ಎಂಬ ಹೆಸರು. ಇದರಲ್ಲಿ ಕಳ್ಳಾಟ ಮಾಡಿ ಬರೇ ಅರಿವೆಯಿಂದ ಒರೆಸಿ ಬಣ್ಣ ಹೊಡೆದರೆ ಮೊದಲ ದಿನ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಮಳೆಗಾಲ ಕಳೆಯಲಿ, ಮೂಲೆಯಲ್ಲಿ ಗುಳ್ಳೆ ಎದ್ದು ಬಣ್ಣ ಹಪ್ಪಳದಂತೆ ಸುಲಿಯುತ್ತದೆ. ಅಲ್ಯೂಮಿನಿಯಂ ಬೇರೆ ಜಾತಿ, ಅದರ ಔಷಧವೇ ಬೇರೆ. ಕಬ್ಬಿಣದ ಜೊತೆ ಅದನ್ನೂ ಅದೇ ತೊಟ್ಟಿಗೆ ನೂಕಿದರೆ ಮೈ ತಿಂದುಹೋಗುತ್ತದೆ. ಡಬ್ಬಿಯ ಮುಂಭಾಗ ಅಲ್ಯೂಮಿನಿಯಂ, ಉಳಿದದ್ದು ಕಬ್ಬಿಣ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಒಣಗಿದ ತಗಡನ್ನು ಕೊಕ್ಕೆಗೆ ತೂಗುಹಾಕಿ ಎದುರಿನಿಂದ ಗನ್ನು ಹಿಡಿಯುತ್ತಾರೆ. ಗನ್ನಿನ ತುದಿಯಲ್ಲಿ 60ರಿಂದ 100 ಸಾವಿರ ವೋಲ್ಟ್. ಹರಿಯುವ ಕರೆಂಟು ಮಾತ್ರ ಅತ್ಯಲ್ಪ. ಆವೇಶ ಪಡೆದ ಪುಡಿ ತಾನೇ ಹಾರಿಹೋಗಿ ತಗಡಿಗೆ ಅಂಟುತ್ತದೆ. ಅಂಟಬೇಕಾದರೆ ತಗಡಿಗೆ ಅರ್ಥಿಂಗ್ ಇರಬೇಕು. ಕೊಕ್ಕೆಯ ಮೇಲೆ ಹಳೆಯ ಬಣ್ಣ ದಪ್ಪಗೆ ಕೂತಿದ್ದರೆ ಅರ್ಥಿಂಗ್ ತಪ್ಪಿ ಪುಡಿ ಕೆಳಗೆ ಉದುರುತ್ತದೆ. ಬಣ್ಣ ಹೊಡೆಯುವ ಹುಡುಗ ಕೂಡಲೇ ಕೊಕ್ಕೆಯನ್ನು ಕೆರೆದು ಸ್ವಚ್ಛ ಮಾಡುತ್ತಾನೆ. ಬಣ್ಣ ಅರ್ಥಿಂಗನ್ನು ಕೊಲ್ಲುತ್ತದೆ ಎಂಬುದು ಅವನಿಗೆ ದಿನಾ ಕಣ್ಣಿಗೆ ಕಾಣುವ ಸತ್ಯ. ಅದೇ ಸತ್ಯ ಡಬ್ಬಿಯ ಜೊತೆ ಗಿರಾಕಿಯ ಮನೆಗೂ ಹೋಗುತ್ತದೆ ಎಂಬುದನ್ನು ಯಾರೂ ಅವನಿಗೆ ಹೇಳಿರುವುದಿಲ್ಲ.

ಡಬ್ಬಿಯ ಒಳಮೂಲೆಗಳಿಗೆ ಪುಡಿ ಹೋಗಲು ಒಲ್ಲೆನ್ನುತ್ತದೆ. ಅಂಚುಗಳೇ ಎಲ್ಲವನ್ನೂ ಎಳೆದುಕೊಂಡುಬಿಡುತ್ತವೆ. ಕೈಪಳಗಿದವನು ವೋಲ್ಟೇಜು ಇಳಿಸಿ, ಗಾಳಿ ಕಡಿಮೆ ಮಾಡಿ, ಮೊದಲು ಮೂಲೆ ಮುಗಿಸುತ್ತಾನೆ. ನಂತರ ಭಟ್ಟಿ. ಸಾಮಾನ್ಯವಾಗಿ 180ರಿಂದ 200 ಡಿಗ್ರಿ, ಹತ್ತರಿಂದ ಇಪ್ಪತ್ತು ನಿಮಿಷ. ಇದು ಭಟ್ಟಿಯ ಗಾಳಿಯ ಲೆಕ್ಕವಲ್ಲ, ಲೋಹದ ಮೈಗೆ ಏರಬೇಕಾದ ಶಾಖ. ತೆಳುವಾದ ಮುಚ್ಚಳ ಬೇಗ ಕಾಯುತ್ತದೆ, ದಪ್ಪ ಹೀಟ್‌ಸಿಂಕ್ ನಿಧಾನ. ಎರಡನ್ನೂ ಒಟ್ಟಿಗೆ ಹಾಕಿ ಒಟ್ಟಿಗೆ ತೆಗೆದರೆ ಒಂದು ಹಸಿ, ಇನ್ನೊಂದು ಸೀದದ್ದು. ಬಿಳಿ ಬಣ್ಣ ಸೀದರೆ ಹಳದಿ ತಿರುಗುತ್ತದೆ. ಹಸಿ ಉಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಗುತ್ತದೆ.

ಒಂದು ಡಬ್ಬಿಗೆ ಯಾರು ಭಟ್ಟಿ ಹೊತ್ತಿಸ್ತಾರ?

ಈ ಶೆಡ್ಡುಗಳ ನಿಜವಾದ ಗಿರಾಕಿ ಆಂಪ್ಲಿಫೈಯರಿನ ಹುಡುಗನಲ್ಲ. ವಿದ್ಯುತ್ ಪ್ಯಾನಲ್ ಬೋರ್ಡು, ಅಲ್ಮಾರಿ, ಕಿಟಕಿಯ ಅಲ್ಯೂಮಿನಿಯಂ ಪಟ್ಟಿ, ಅಂಗಡಿಯ ರ‍್ಯಾಕು, ಇವೇ ಅವರ ಅನ್ನ. ಹಾಗಾಗಿ ಮಾತು ಸಾಧಾರಣ ಹೀಗೆ ನಡೆಯುತ್ತದೆ.

“ಅಣ್ಣಾರ, ಒಂದ ಡಬ್ಬಿ ಐತ್ರಿ. ಕರೀ ಬಣ್ಣ ಹೊಡದ ಕೊಡ್ರಿ.”

“ಒಂದಕ್ಕ ಯಾರು ಭಟ್ಟಿ ಹೊತ್ತಿಸ್ತಾರೋ ತಮ್ಮಾ? ಲಾಟ್ ಬಂದಾಗ ಅದರ ಜೋಡಿ ಹಾಕ್ತೀನಿ. ನಾಕ ದಿನಾ ಬಿಟ್ಟ ಬಾ.”

ನಾಲ್ಕು ದಿನ ಎಂದರೆ ಎಂಟೂ ಆಗಬಹುದು. ಶೆಡ್ಡಿನವರ ತಪ್ಪೂ ಇಲ್ಲ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗನ್ನು, ಪೈಪು, ಬೂತು ಎಲ್ಲ ಊದಿ ತೊಳೆಯಬೇಕು. ಒಂದು ಕಾಳು ಬಿಳಿ ಪುಡಿ ಕರಿಯದರ ಮೇಲೆ ಕೂತರೂ ಮಾಲು ಕೆಟ್ಟಿತು. ಬಣ್ಣಗಳಿಗೆ ಆರ್.ಎ.ಎಲ್. ಎಂಬ ಜರ್ಮನಿಯ ಅಂಕಿಪಟ್ಟಿ ಇದೆ, 1927ರಿಂದ ನಡೆದು ಬಂದದ್ದು. ಅದರಲ್ಲಿ 9005 ಎಂದರೆ ಅಚ್ಚ ಕಪ್ಪು, 7032 ಎಂದರೆ ನಮ್ಮ ಶೆಡ್ಡುಗಳವರು ‘ಸೀಮೆನ್ಸ್ ಗ್ರೇ’ ಎನ್ನುವ ಪ್ಯಾನಲ್ ಬೋರ್ಡಿನ ಬೂದು. ಅವಸರದವರಿಗೆ ಸಿಗುವುದು ಇದೇ ಬೂದು. ವಿದ್ಯಾನಗರದ ಎಷ್ಟೋ ಖೋಲಿಗಳಲ್ಲಿ ಹಾಡುವ ಡಬ್ಬಿ ಕರೆಂಟ್ ಆಫೀಸಿನ ಪೆಟ್ಟಿಗೆಯಂತೆ ಕಂಡರೆ ಆಶ್ಚರ್ಯ ಪಡಬೇಕಿಲ್ಲ.

ಗೀರು ಬಿದ್ದ, ಬೆಸುಗೆಯ ಗಂಟಿರುವ ತಗಡಿಗೆ ನಯವಾದ ಹೊಳಪಿನ ಬಣ್ಣ ಕೇಳಿದರೆ ಎಲ್ಲ ಐಬೂ ಎದ್ದು ಕಾಣುತ್ತದೆ. ಮರಳು ಮರಳಾಗಿರುವ ಟೆಕ್ಸ್ಚರ್ ಪುಡಿ ಅವನ್ನು ನುಂಗಿಕೊಳ್ಳುತ್ತದೆ. ಕೈಕೆಲಸದ ಡಬ್ಬಿಗೆ ಅದೇ ವಾಸಿ. ತೂತುಗಳ ಲೆಕ್ಕವನ್ನೂ ಮೊದಲೇ ನೋಡಬೇಕು. ಬಣ್ಣದ ದಪ್ಪ ಸಾಧಾರಣ 60ರಿಂದ 80 ಮೈಕ್ರಾನ್. ತೂತಿನ ಎರಡೂ ಬದಿ ಸೇರಿ ಸುಮಾರು 0.15 ಮಿಲಿಮೀಟರ್ ಕಿರಿದಾಗುತ್ತದೆ. ವಾಲ್ಯೂಮ್ ಕಂಟ್ರೋಲು ಮೊದಲು ಸಲೀಸಾಗಿ ಕೂತ ತೂತಿಗೆ ಈಗ ಹೋಗುವುದಿಲ್ಲ. ಹಟ ಹಿಡಿದು ತಿರುಪಿದರೆ ಸುತ್ತಲಿನ ಬಣ್ಣ ಚಕ್ಕೆ ಏಳುತ್ತದೆ.

ಪ್ರತಿಯೊಂದು ತಗಡೂ ಒಂದು ದ್ವೀಪ

ಈಗ ಮುಖ್ಯ ಸಂಗತಿ. ಪೌಡರ್ ಕೋಟಿಂಗ್ ಎಂದರೆ ಕರಗಿ ಗಟ್ಟಿಯಾದ ಪ್ಲಾಸ್ಟಿಕ್. ಅದು ವಿದ್ಯುತ್ತನ್ನು ಬಿಡುವುದಿಲ್ಲ. ತಳ, ಮುಚ್ಚಳ, ಮುಂದೆ, ಹಿಂದೆ, ಎರಡು ಪಕ್ಕ, ಹೀಗೆ ಆರು ತುಂಡಿನ ಡಬ್ಬಿಯನ್ನು ಬಿಚ್ಚಿ ಬಣ್ಣ ಹೊಡೆಸಿ ಮತ್ತೆ ಕೂಡಿಸಿದರೆ ಅದು ಕಣ್ಣಿಗೆ ಒಂದೇ ಡಬ್ಬಿ. ಕರೆಂಟಿಗೆ ಆರು ಬೇರೆ ಬೇರೆ ದ್ವೀಪ. ಸ್ಕ್ರೂ ತನ್ನ ಹಲ್ಲಿನಿಂದ ಒಂದಿಷ್ಟು ಬಣ್ಣ ಕೆರೆದು ತಾಗಲೂಬಹುದು, ತಾಗದಿರಲೂಬಹುದು. ಅದು ಲಾಟರಿ.

ಒಳಗೆ 230 ವೋಲ್ಟಿನ ತಂತಿಯೊಂದು ಬೆಸುಗೆ ಬಿಟ್ಟು ಮುಚ್ಚಳಕ್ಕೆ ತಾಗಿತೆಂದು ಇಟ್ಟುಕೊಳ್ಳಿ. ಮುಚ್ಚಳಕ್ಕೆ ಅರ್ಥಿಂಗ್ ಸರಿಯಾಗಿದ್ದರೆ ಭಾರೀ ಕರೆಂಟು ಭೂಮಿಯತ್ತ ನುಗ್ಗಿ ಆ ಕ್ಷಣವೇ ಫ್ಯೂಜು ಹಾರುತ್ತದೆ. ಹಾಡು ನಿಂತಿತು, ಜೀವ ಉಳಿಯಿತು. ಅರ್ಥಿಂಗ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಅದೇ ಅಪಾಯ. ಫ್ಯೂಜು ಸುಮ್ಮನಿರುತ್ತದೆ, ಹಾಡು ನಡೆಯುತ್ತಲೇ ಇರುತ್ತದೆ, ಮುಚ್ಚಳ ಮಾತ್ರ 230 ವೋಲ್ಟಿನಲ್ಲಿ ಕಾಯುತ್ತಿರುತ್ತದೆ. ಬಣ್ಣವೇ ಕಾಪಾಡುತ್ತದಲ್ಲ ಎನ್ನುವವರಿದ್ದಾರೆ. ಒಂದು ಗೀರು, ಒಂದು ಬರಿಯ ಸ್ಕ್ರೂ ತಲೆ, ಅಷ್ಟು ಸಾಕು. ಒರೆಸುವವರ ಕೈ ಒದ್ದೆಯಿದ್ದರಂತೂ ಮುಗಿಯಿತು. ಮನೆಯಲ್ಲಿ ಡಬ್ಬಿಯ ಧೂಳು ಒರೆಸುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದವರಿಗೆ ಇನ್ನೊಂದು ಆಸರೆ ಉಂಟು. ಹಳೆಯ ಮನೆಗಳಲ್ಲಿ ಆಸರೆಯ ಮಾತಿರಲಿ, ಗೋಡೆಯ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರುವುದೂ ಅಪರೂಪವಲ್ಲ.

ಬೇಡದ ತಂಬೂರಿ

ಅರ್ಥಿಂಗ್ ತಪ್ಪಿದ ಡಬ್ಬಿ ಮೊದಲು ತನ್ನ ದೂರನ್ನು ಸ್ಪೀಕರಿನಲ್ಲಿ ಹೇಳುತ್ತದೆ. ಬರಿ ತಗಡಿನಲ್ಲಿ ಸುಮ್ಮನಿದ್ದ ಸೆಟ್ಟು ಬಣ್ಣವಾದ ಮೇಲೆ ‘ಗುಂಯ್’ ಎನ್ನತೊಡಗುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುವುದರಿಂದ ಈ ಗುಂಜಾರವ 50ರಲ್ಲೂ ಅದರ ಇಮ್ಮಡಿ 100ರಲ್ಲೂ ಕೇಳುತ್ತದೆ. ಗಂಗೂಬಾಯಿ ಹಾನಗಲ್ಲರು ಇದ್ದ ಊರಿದು, ಪಕ್ಕದ ಕುಂದಗೋಳ ಸವಾಯಿ ಗಂಧರ್ವರದು, ಧಾರವಾಡ ಮಲ್ಲಿಕಾರ್ಜುನ ಮನ್ಸೂರರದು. ಹಳೆಯ ಧ್ವನಿಮುದ್ರಿಕೆ ಹಾಕಿ ನಿಧಾನದ ಆಲಾಪ ಕೇಳುವ ಕಿವಿಗಳು ಇಲ್ಲಿ ಇನ್ನೂ ಇವೆ. ಅಂಥವರಿಗೆ ತಂಬೂರಿಯ ಕೆಳಗೆ ಈ ಇನ್ನೊಂದು ಅಪಸ್ವರದ ತಂಬೂರಿ ಸಹಿಸಲಾಗದು.

ಆಗ ನಡೆಯುವ ಮನೆಮದ್ದೇ ಎಲ್ಲಕ್ಕಿಂತ ಘಾತುಕ. ಯಾರೋ ಬಲ್ಲವರು, “ಅರ್ಥಿಂಗ್ ತಂತಿ ಕತ್ತರಿಸಿ ಒಗಿ, ಹಮ್ ಹೋಗತೈತಿ” ಎನ್ನುತ್ತಾರೆ. ಕೆಲವೊಮ್ಮೆ ಹೋಗುವುದೂ ನಿಜ. ಎರಡು ಉಪಕರಣ ಎರಡು ದಾರಿಯಿಂದ ಭೂಮಿಗೆ ಕೂಡಿ ಉಂಗುರ ಆದಾಗ ಬರುವ ಹಮ್ ಒಂದು ತಂತಿ ತೆಗೆದರೆ ನಿಲ್ಲುತ್ತದೆ. ಹಮ್ಮಿನ ಜೊತೆ ಕಾವಲೂ ಹೋಯಿತು. ಸರಿಯಾದ ದಾರಿ ಬೇರೆ. ತಗಡಿನ ಕವಚ ನೇರವಾಗಿ, ಗಟ್ಟಿಯಾಗಿ ಮೇನ್ಸಿನ ಅರ್ಥಿಗೆ. ಒಳಗಿನ ಸಿಗ್ನಲ್ ಗ್ರೌಂಡುಗಳೆಲ್ಲ ಒಂದೇ ಬಿಂದುವಿಗೆ. ಆ ಬಿಂದುವಿನಿಂದ ಕವಚಕ್ಕೆ ಒಂದು ಸಣ್ಣ ರೆಸಿಸ್ಟರು, ಅದರ ಜೊತೆಗೆ ಭಾರೀ ಕರೆಂಟು ತಾಳುವ ಡಯೋಡ್ ಬ್ರಿಜ್ಜು. ಇದರಿಂದ ಹಮ್ಮೂ ಇಳಿಯುತ್ತದೆ, ಕಾವಲೂ ಉಳಿಯುತ್ತದೆ. ಅರ್ಥ್ ಪಿನ್ನು ಕಿತ್ತ ಪ್ಲಗ್ಗನ್ನು ರಿಪೇರಿ ಅಂಗಡಿಯವರು ವಾಪಸು ಕೊಡದಿರುವುದೇ ಮೇಲು, ಗಿರಾಕಿ ಎಷ್ಟು ಜಗಳ ಮಾಡಲಿ.

ಇನ್ನೊಂದು ಜಾಣತನವೂ ಚಾಲ್ತಿಯಲ್ಲಿದೆ. ಪೇಟೆಯಲ್ಲಿ ಸಿಗುವ 2ಎನ್3055 ಟ್ರಾನ್ಸಿಸ್ಟರಿನ ಲೋಹದ ಮೈಯೇ ಅದರ ಕಲೆಕ್ಟರು. ಅದರ ಅಡಿಯಲ್ಲಿ ಅಭ್ರಕದ ಹಾಳೆ ಇಟ್ಟು ಹೀಟ್‌ಸಿಂಕಿಗೆ ಬಿಗಿಯಬೇಕು. ಪೌಡರ್ ಕೋಟಿಂಗ್ ಆದ ಹೀಟ್‌ಸಿಂಕು ಸಿಕ್ಕರೆ, “ಬಣ್ಣ ಐತಲ್ಲ, ಅಭ್ರಕ ಯಾಕ?” ಎಂದು ನೇರ ಕೂಡಿಸುತ್ತಾರೆ. ತೂತಿನ ಅಂಚಿನಲ್ಲಿ ಉಳಿದ ಒಂದು ಮೊಳೆಯಷ್ಟು ಕಬ್ಬು, ಬಣ್ಣ ಚುಚ್ಚಿ ಒಳಗೆ ಹೊಕ್ಕರೆ ಆಂಪ್ಲಿಫೈಯರು ಸುಟ್ಟು ಬೂದಿ. ಚುಚ್ಚದಿದ್ದರೂ ದಪ್ಪ ಬಣ್ಣದ ಕೆಳಗೆ ಟ್ರಾನ್ಸಿಸ್ಟರಿನ ಶಾಖ ಇಳಿಯದೆ ಅದು ಒಳಗೊಳಗೇ ಬೇಯುತ್ತದೆ. ಟ್ರಾನ್ಸಿಸ್ಟರು ಕೂಡುವ ಜಾಗಕ್ಕೆ ಬಣ್ಣವೇ ಬೀಳಬಾರದು. ಉಳಿದ ಮೈಗೆ ತೆಳುವಾಗಿ ಬಿದ್ದರೆ ನಷ್ಟವಿಲ್ಲ. ಬೋಳು ಹೊಳೆಯುವ ಅಲ್ಯೂಮಿನಿಯಂಗಿಂತ ಬಣ್ಣದ ಮೈ ಶಾಖವನ್ನು ಚೆನ್ನಾಗಿ ಹೊರಸೂಸುತ್ತದೆ. ಅದಕ್ಕೆ ಕರಿಯೇ ಆಗಬೇಕೆಂಬ ಹಟ ಬೇಡ, ಬಿಳಿ ಬಣ್ಣವೂ ಆ ಕೆಲಸವನ್ನು ಹೆಚ್ಚುಕಡಿಮೆ ಅಷ್ಟೇ ಮಾಡುತ್ತದೆ.

ಮುಚ್ಚುವ ಮೊದಲು ಮುಚ್ಚಿಡಿ

ಉಪಾಯ ದುಬಾರಿಯದಲ್ಲ. ಬಣ್ಣ ಬೀಳಬಾರದ ಜಾಗವನ್ನು ಗನ್ನು ಹಿಡಿಯುವ ಮೊದಲೇ ಮುಚ್ಚಬೇಕು. ಇದಕ್ಕೆಂದೇ ಶಾಖ ತಾಳುವ ಹಸಿರು ಪಾಲಿಯೆಸ್ಟರ್ ಟೇಪು, ಸಿಲಿಕಾನ್ ಬಿರಡೆ ಇವೆ. ಸ್ಟೇಷನರಿ ಅಂಗಡಿಯ ಟೇಪು ಅಂಟಿಸಿದರೆ ಭಟ್ಟಿಯಲ್ಲಿ ಕರಗಿ ಕಲೆಯಾಗುತ್ತದೆ. ಬಿರಡೆ ಸಿಗದಿದ್ದಾಗ ತೂತುಗಳಿಗೆ ಹಳೇ ಬೋಲ್ಟು ತಿರುಪಿ ಕಳಿಸುವುದು ನಮ್ಮ ಕಡೆಯ ರೂಢಿ. ನಡೆಯುತ್ತದೆ. ತೆಗೆಯುವಾಗ ಮಾತ್ರ ಬೋಲ್ಟಿನ ಸುತ್ತ ಬ್ಲೇಡಿನಿಂದ ಗೆರೆ ಎಳೆದು ತೆಗೆಯಬೇಕು, ಇಲ್ಲವಾದರೆ ಬಣ್ಣವೂ ಜೊತೆಗೆ ಕಿತ್ತು ಬರುತ್ತದೆ.

ಮುಚ್ಚಬೇಕಾದದ್ದು ಇಷ್ಟೇ: ಅರ್ಥ್ ತಂತಿ ಕೂಡುವ ಬೋಲ್ಟಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗ, ತಗಡಿಗೆ ತಗಡು ಕೂಡುವ ಒಂದೆರಡು ಸ್ಕ್ರೂಗಳ ಅಡಿ, ಹೀಟ್‌ಸಿಂಕಿನ ಮುಖ. ಕೂಡಿಸುವಾಗ ಹಲ್ಲಿನ ವಾಷರು ಹಾಕಿದರೆ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಅರ್ಥಿಂಗ್ ಬೋಲ್ಟಿಗೆ ಬೇರೆ ಕೆಲಸ ಹೇಳಬಾರದು. ಟ್ರಾನ್ಸ್‌ಫಾರ್ಮರ್ ಕೂಡಿಸಿದ ಬೋಲ್ಟಿಗೇ ಅರ್ಥ್ ಸಿಕ್ಕಿಸಿದರೆ, ಮುಂದೊಮ್ಮೆ ಟ್ರಾನ್ಸ್‌ಫಾರ್ಮರ್ ಬಿಚ್ಚಿದವನು ಅದನ್ನೂ ಬಿಚ್ಚಿ ಮರೆಯುತ್ತಾನೆ. ಬಿಟ್ಟ ಜಾಗ ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಬಿಗಿದ ಮೇಲೆ ಒಂದಿಷ್ಟು ಗ್ರೀಸು ಸವರಿದರಾಯಿತು. ಅಲ್ಯೂಮಿನಿಯಂ ಡಬ್ಬಿಗೆ ಪೌಡರ್ ಬದಲು ಅನೋಡೈಜ್ ಮಾಡಿಸಿದವರೂ ನಿಶ್ಚಿಂತರಾಗಬಾರದು, ಆ ಪದರವೂ ಕರೆಂಟು ಬಿಡುವುದಿಲ್ಲ.

ಶೆಡ್ಡಿನವರು ಇದನ್ನು ತಾವಾಗಿ ಮಾಡಲಾರರು. ಅವರ ಕೈಗೆ ಬರುವುದು ಬಿಡಿ ತಗಡು. ಯಾವ ತೂತು ಅರ್ಥಿಂಗಿನದು, ಯಾವುದು ಬರೇ ಗಾಳಿಯದು ಎಂದು ಅವರಿಗೆ ಹೇಗೆ ತಿಳಿಯಬೇಕು? ತಗಡಿನ ಮೇಲೆ ಪೆನ್ನಿನಿಂದ ಗುರುತು ಮಾಡಿದರೆ ಮೊದಲ ತೊಟ್ಟಿಯಲ್ಲೇ ತೊಳೆದುಹೋಗುತ್ತದೆ. ಕಾಗದದ ಮೇಲೆ ನಕ್ಷೆ ಬರೆದು ಚೀಟಿಯ ಜೊತೆ ಕೊಡಬೇಕು. ಶೆಡ್ಡಿನ ರಸೀದಿಯಲ್ಲೇ ‘ಬಣ್ಣ ಬಿಡಬೇಕಾದ ಜಾಗ’ ಎಂದು ಒಂದು ಸಾಲು ಅಚ್ಚು ಹಾಕಿಸಿದರೆ ಖರ್ಚು ಶೂನ್ಯ, ಉಪಕಾರ ದೊಡ್ಡದು. ಪ್ಯಾನಲ್ ಬೋರ್ಡಿನವರು ಈ ಶಿಸ್ತನ್ನು ಪಾಲಿಸುತ್ತಾರೆ, ಇಲ್ಲದಿದ್ದರೆ ಅವರ ಮಾಲು ತಪಾಸಣೆಯಲ್ಲಿ ಪಾಸಾಗುವುದಿಲ್ಲ. ಮನೆಯ ಡಬ್ಬಿಗೆ ತಪಾಸಣೆಗಾರ ಇಲ್ಲ.

ಗನ್ನು ಹಿಡಿದವನ ಮೂಗಿನ ವಿಚಾರವೂ ಇದೆ. ಪುಡಿಯಲ್ಲಿ ಥಿನ್ನರಿಲ್ಲ, ವಾಸನೆಯಿಲ್ಲ, ಆದ್ದರಿಂದ ನಿರಪಾಯ ಎಂಬ ಭಾವನೆ ಬೆಳೆದಿದೆ. ಹೊರಗೆ ಬಾಳುವ ಪಾಲಿಯೆಸ್ಟರ್ ಪುಡಿಗಳಲ್ಲಿ ಕೆಲವಕ್ಕೆ ಬೆರೆಸುವ ಟಿ.ಜಿ.ಐ.ಸಿ. ಎಂಬ ರಾಸಾಯನಿಕವನ್ನು ಯುರೋಪಿನಲ್ಲಿ ವಿಷಕಾರಿ ಎಂದು ವರ್ಗೀಕರಿಸಿದ್ದಾರೆ. ಮುಖಕ್ಕೆ ಕಟ್ಟಿದ ಕರವಸ್ತ್ರ ಆ ಧೂಳನ್ನು ತಡೆಯುವುದಿಲ್ಲ, ಸರಿಯಾದ ಮಾಸ್ಕೇ ಬೇಕು. ತೊಟ್ಟಿಗಳ ಆಮ್ಲ ಮತ್ತು ಫಾಸ್ಫೇಟಿನ ನೀರು ಹಾಗೇ ಗಟಾರಕ್ಕೆ ಹೋಗುವಂತಿಲ್ಲ. 1974ರ ಜಲ ಕಾಯಿದೆ ಬಂದಾಗಿನಿಂದ ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಶುದ್ಧೀಕರಣ ಎರಡೂ ಬೇಕು. ಅತಿ ಅಗ್ಗದ ದರ ಹೇಳುವ ಕಡೆ ಈ ಎರಡರಲ್ಲಿ ಯಾವುದನ್ನು ಉಳಿತಾಯ ಮಾಡಿದ್ದಾರೆಂದು ಗಿರಾಕಿ ಒಮ್ಮೆ ಕೇಳಿ ನೋಡಬಹುದು.

ಡಬ್ಬಿಯನ್ನು ತರಲು ಹೋಗುವಾಗ ಕಿಸೆಯಲ್ಲಿ ಒಂದು ಮಲ್ಟಿಮೀಟರು ಇರಲಿ. ಅಲ್ಲೇ ನಿಂತು ಅರ್ಥ್ ಬೋಲ್ಟಿನ ಜಾಗದಲ್ಲಿ ಒಂದು ಕಡ್ಡಿ, ಸ್ಕ್ರೂ ಅಡಿಯ ಬರಿ ಜಾಗದಲ್ಲಿ ಇನ್ನೊಂದು ಕಡ್ಡಿ ಇಟ್ಟರೆ ಮೀಟರು ‘ಪೀಂ’ ಅನ್ನಬೇಕು. ಅನ್ನದಿದ್ದರೆ ಟೇಪಿನ ಅಂಚಿನಿಂದ ಪುಡಿ ಒಳಗೆ ನುಸುಳಿದೆ ಎಂದರ್ಥ. ಶೆಡ್ಡಿನವರ ಹತ್ತಿರ ಅರ ಇದ್ದೇ ಇರುತ್ತದೆ, ಎರಡು ಉಜ್ಜು ಉಜ್ಜಿದರೆ ಲೋಹ ಹೊಳೆಯುತ್ತದೆ. ಮನೆಗೆ ಬಂದು ಎಲ್ಲ ಕೂಡಿಸಿದ ಮೇಲೆ, ಗೋಡೆಯ ಸಾಕೆಟ್ಟಿಗೆ ಹಾಕುವ ಮೊದಲು ಇನ್ನೊಂದು ಸಲ: ಪ್ಲಗ್ಗಿನ ದಪ್ಪ ಪಿನ್ನಿನಿಂದ ಆರೂ ತಗಡುಗಳಿಗೆ, ವಾಲ್ಯೂಮ್ ಕಂಟ್ರೋಲಿನ ಸರಳಿಗೂ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅರ್ಥ್ ಕೂಡುವ ಜಾಗಕ್ಕೂ ಕವಚಕ್ಕೂ ನಡುವೆ 0.1 ಓಮ್ ಮೀರಬಾರದು. ಅಷ್ಟು ಸಣ್ಣ ಅಳತೆ ಮನೆಯ ಮೀಟರಿಗೆ ಸಿಗದು, ಸೊನ್ನೆಯ ಹತ್ತಿರ ನಿಂತರೆ ಸದ್ಯಕ್ಕೆ ಸರಿ. ಮುಚ್ಚಳ ಒಂದೇ ಸುಮ್ಮನೆ ಕೂತಿದ್ದರೆ ಅದಕ್ಕೆ ಒಳಗಿನಿಂದ ಹಳದಿ-ಹಸಿರು ತಂತಿಯ ಒಂದು ತುಂಡು ಕಟ್ಟಬೇಕು, ಮುಚ್ಚಳ ತೆಗೆದು ಪಕ್ಕಕ್ಕೆ ಇಡುವಷ್ಟು ಉದ್ದ ಬಿಟ್ಟು.